‘ಸಕ್ಕರೆ ಹಾಕಿಲ್ಲ’ ಎಂದರೆ ಸಾಲದು



ನಮ್ಮ ಹೂಡೆಯಲ್ಲಿ ಹಬ್ಬದ ತಿಂಡಿ ಮಾಡಿದ ಮನೆಯಲ್ಲೇ ಉಳಿದುಬಿಡುವ ಪದ್ಧತಿ ಇಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸುವರ್ಣಾ ನದಿ. ನಡುವಿನ ಈ ಕಿರಿದಾದ ನೆಲದಲ್ಲಿ ಅಷ್ಟಮಿಯ ಉಂಡೆ, ಚಕ್ಕುಲಿಗಳೂ ರಂಜಾನ್ ಹಬ್ಬದ ಸಿಹಿಯೂ ಕ್ರಿಸ್ಮಸ್ಸಿನ ಕುಸ್ವಾರೂ ಬೇಲಿ ದಾಟಿ ನೆರೆಮನೆ ಸೇರುತ್ತವೆ. ಖಾಲಿ ತಟ್ಟೆಯನ್ನು ಹಾಗೆಯೇ ಹಿಂದಿರುಗಿಸಬಾರದೆಂಬ ನಮ್ಮ ಹಿರಿಯರ ನಿಯಮವನ್ನು ನಾವಿನ್ನೂ ಮರೆತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ತಟ್ಟೆಗೆ ಹೊಸ ಅತಿಥಿಯೊಂದು ಬಂದಿದೆ. ಅದೇ ಮನೆಯಲ್ಲಿ ತಯಾರಿಸಿದ ಚಾಕೊಲೇಟ್ ಟ್ರಫಲ್, ಒಳಗೆ ಹಣ್ಣಿನ ಹೂರಣ. ಹೆಣ್ಣುಮಕ್ಕಳು, ಕೆಲವೆಡೆ ಗಂಡುಮಕ್ಕಳೂ, ಬಹಳ ಆಸ್ಥೆಯಿಂದ ಇದನ್ನು ಮಾಡುತ್ತಾರೆ. ನನ್ನಂತಹ ವಯಸ್ಸಾದವರ ಕೈಗೆ ಕೊಡುವಾಗ ಒಂದು ಮಾತನ್ನೂ ಸೇರಿಸುತ್ತಾರೆ: “ಶುಗರ್ ಇದ್ದವರೂ ತಿನ್ನಬಹುದು ಟೀಚರ್, ಇದಕ್ಕೆ ಸಕ್ಕರೆ ಹಾಕಲೇ ಇಲ್ಲ.” ಈ ಲೇಖನ ಆ ಮಾತಿನ ಕುರಿತಾದುದು. ಪ್ರೀತಿಯಿಂದ ಆಡಿದ ಮಾತೆಂಬುದರಲ್ಲಿ ಸಂಶಯವಿಲ್ಲ. ಆದರೆ ಪಥ್ಯದವರಿಗೆ ಸಿಹಿ ಮಾಡುವವರು ಪ್ರೀತಿಯೊಂದಿಗೆ ಲೆಕ್ಕವನ್ನೂ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಈ ತಿಂಡಿಯ ಪರಿಚಯ. ಟ್ರಫಲ್ ಎಂಬುದು ಯುರೋಪಿನ ನೆಲದಡಿಯಲ್ಲಿ ಬೆಳೆಯುವ, ಅತಿ ದುಬಾರಿಯಾದ ಒಂದು ಬಗೆಯ ಅಣಬೆಯ ಹೆಸರು. ಕರಗಿಸಿದ ಚಾಕೊಲೇಟಿಗೆ ಹಾಲಿನ ಕೆನೆ ಬೆರೆಸಿ, ಉಂಡೆ ಕಟ್ಟಿ, ಕೊಕ್ಕೊ ಪುಡಿಯಲ್ಲಿ ಹೊರಳಿಸಿದಾಗ ಅದು ಮಣ್ಣು ಮೆತ್ತಿದ ಆ ಅಣಬೆಯಂತೆ ಕಾಣುವುದರಿಂದ ಈ ಹೆಸರು ಬಂತು. ಹೆಸರು ವಿದೇಶದ್ದಾದರೂ ಮೂಲವಸ್ತುವಿಗೆ ನಮ್ಮ ಕರಾವಳಿಯ ನಂಟಿದೆ. ಅವಿಭಜಿತ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಎಪ್ಪತ್ತರ ದಶಕದಲ್ಲಿ ಕೊಕ್ಕೊ ಉಪಬೆಳೆಯಾಗಿ ಹಬ್ಬಿತು. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕೊಕ್ಕೊ ಕಾಯಿ ಒಡೆದು ಬೀಜದ ಸುತ್ತಲಿನ ಹುಳಿಸಿಹಿಯಾದ ಬಿಳಿ ತಿರುಳನ್ನು ಚೀಪಿದವರು ಆ ಕಡೆಯ ನಮ್ಮ ಬಂಧುಗಳಲ್ಲಿ ಅನೇಕರಿದ್ದಾರೆ. ಆದ್ದರಿಂದ ಟ್ರಫಲ್ ನಮ್ಮದಲ್ಲವೆಂದು ದೂರವಿಡುವ ಉದ್ದೇಶ ನನಗಿಲ್ಲ. ನನ್ನ ತಕರಾರು ‘ಸಕ್ಕರೆ ಹಾಕಿಲ್ಲ’ ಎಂಬ ಮೂರಕ್ಷರದ್ದೋ ಆರಕ್ಷರದ್ದೋ ಆದ ಆ ಅಭಯವಾಕ್ಯದ ಮೇಲೆ ಮಾತ್ರ.

ಸಕ್ಕರೆಯ ಬದಲಿಗೆ ಏನು ಹಾಕಿದಿರಿ ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಬರುವ ಉತ್ತರ ಖರ್ಜೂರ, ಬೆಲ್ಲ ಅಥವಾ ಜೇನು. ಹೂಡೆಯಲ್ಲಿ ಖರ್ಜೂರಕ್ಕೆ ಕೊರತೆಯಿಲ್ಲ. ಕೊಲ್ಲಿ ದೇಶಗಳಿಂದ ಬರುವ ಪ್ರತಿಯೊಂದು ಪೆಟ್ಟಿಗೆಯಲ್ಲೂ ಒಂದು ಪೊಟ್ಟಣ ಇರುತ್ತದೆ. ಅದು ನಾರಿನಂಶವುಳ್ಳ ಉತ್ತಮ ಹಣ್ಣು, ನಿಜ. ಆದರೆ ಒಣಗಿದ ಖರ್ಜೂರದ ತೂಕದಲ್ಲಿ ನೂರಕ್ಕೆ ಅರುವತ್ತಕ್ಕಿಂತಲೂ ಹೆಚ್ಚು ಪಾಲು ಸಕ್ಕರೆಯೇ. ಬೆಲ್ಲದ ಬಹುಭಾಗ ಸುಕ್ರೋಸ್. ಅಂದರೆ ಡಬ್ಬಿಯಲ್ಲಿರುವ ಸಕ್ಕರೆ ಯಾವುದೋ ಅದೇ. ಜೇನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಗಟ್ಟಿ ದ್ರಾವಣ. ಬಣ್ಣ ಕಪ್ಪಾದ ಮಾತ್ರಕ್ಕೆ ರಕ್ತ ಅದನ್ನು ಬೇರೆಂದು ಗುರುತಿಸುವುದಿಲ್ಲ.

ಆಹಾರದ ಅಂತರರಾಷ್ಟ್ರೀಯ ಸಂಹಿತೆಯಾದ ಕೋಡೆಕ್ಸ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಕ್ಕರೆಯ ಕೆಲಸವನ್ನೇ ಮಾಡುವ ಒಣಹಣ್ಣಿನ ಪೇಸ್ಟನ್ನು ಬಳಸಿದ ತಿನಿಸಿಗೆ ‘ಸಕ್ಕರೆ ಸೇರಿಸಿಲ್ಲ’ ಎಂಬ ಹೆಗ್ಗಳಿಕೆ ಸಲ್ಲದೆಂದು ಅದರ ಮಾರ್ಗಸೂಚಿ ಹೇಳುತ್ತದೆ. ನಮ್ಮ ದೇಶದ 2018ರ ನಿಯಮಗಳ ಪ್ರಕಾರ ‘ಸಕ್ಕರೆಮುಕ್ತ’ ಎನ್ನಿಸಿಕೊಳ್ಳಬೇಕಾದರೆ ನೂರು ಗ್ರಾಂ ತಿನಿಸಿನಲ್ಲಿ ಸಕ್ಕರೆ ಅರ್ಧ ಗ್ರಾಮಿಗಿಂತ ಹೆಚ್ಚಿರಕೂಡದು. ಅಂಗಡಿಯ ಪೊಟ್ಟಣಕ್ಕೆ ಇಷ್ಟು ಕಟ್ಟುನಿಟ್ಟಿರುವಾಗ ಮನೆಯ ಡಬ್ಬಿಯಲ್ಲಿ ಬಂದದ್ದು ಬಾಯಿಮಾತಿನಿಂದಲೇ ಸಕ್ಕರೆಮುಕ್ತವಾಗಿಬಿಡುವುದು ಸರಿಯೇ?

ಇದು ಬರಿಯ ಶಬ್ದವಿಚಾರವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಅಂದರೆ ತಟ್ಟೆ ಹೋಗುವ ಮನೆಗಳಲ್ಲಿ ಪಥ್ಯದವರಿಲ್ಲದ ಮನೆಯನ್ನು ಹುಡುಕಬೇಕಾದೀತು. ಮಸ್ಕತ್ತಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಮಧುಮೇಹ. ತಿನ್ನುವ ಪ್ರತಿ ತುತ್ತಿನ ಶರ್ಕರಪಿಷ್ಟವನ್ನು ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಬೇಕು. ಊರಿಗೆ ಬಂದಾಗ ಆಕೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಾಟಿದೆ: “ಟೀಚರ್, ಎಲ್ಲರೂ ಪ್ರೀತಿಯಿಂದ ಇದರಲ್ಲಿ ಶುಗರ್ ಇಲ್ಲ, ತಿನ್ನು ಮಗಾ ಎನ್ನುತ್ತಾರೆ. ಇಲ್ಲ ಎಂದು ನಂಬಿದರೆ ನಾನು ಇನ್ಸುಲಿನ್ ಎಷ್ಟು ಕೊಡಲಿ? ಇದೆ, ಇಷ್ಟು ಇದೆ ಎಂದು ಹೇಳಿದರೆ ಅದೇ ದೊಡ್ಡ ಉಪಕಾರ.” ತರಗತಿಯಲ್ಲಿ ಗಣಿತವೆಂದರೆ ಅಳುತ್ತಿದ್ದ ಹುಡುಗಿ ಈಗ ದಿನಕ್ಕೆ ನಾಲ್ಕಾರು ಬಾರಿ ಮಗಳಿಗಾಗಿ ಲೆಕ್ಕ ಮಾಡುತ್ತಾಳೆ. ಆ ಲೆಕ್ಕಕ್ಕೆ ತಪ್ಪು ಅಂಕಿ ಒದಗಿಸುವ ಅಧಿಕಾರ ನಮಗಾರಿಗೂ ಇಲ್ಲ.

ಹಾಗಾದರೆ ಹೇಗೆ ಮಾಡಬೇಕು? ನಾನು ಮಾಡುವ ವಿಧಾನವನ್ನು ಲೆಕ್ಕಸಮೇತ ಬರೆಯುತ್ತೇನೆ.

ನೂರಕ್ಕೆ ಎಪ್ಪತ್ತು ಪಾಲು ಕೊಕ್ಕೊ ಇರುವ ಕಪ್ಪು ಚಾಕೊಲೇಟ್ 200 ಗ್ರಾಂ, ನೀರು ಹೆಚ್ಚು ಬೆರೆಸದೆ ಹಿಂಡಿದ ತೆಂಗಿನಕಾಯಿಯ ದಪ್ಪ ಹಾಲು 100 ಮಿಲಿಲೀಟರ್, ಚಿಟಿಕೆ ಉಪ್ಪು, ಹೂರಣಕ್ಕೆ ಅನಾನಸಿನ ತಿರುಳು 300 ಗ್ರಾಂ. ಪೇಟೆಯಲ್ಲಿ ‘ಕಾಂಪೌಂಡ್’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಗಟ್ಟಿ ಬೇಡ. ಅದರಲ್ಲಿ ಕೊಕ್ಕೊ ಬೆಣ್ಣೆಯ ಬದಲಿಗೆ ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಬಹಳ ಸಲ ಮೊದಲ ಹೆಸರೇ ಸಕ್ಕರೆಯದು.

ಅನಾನಸನ್ನು ಅರೆದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತ, ತಳ ಬಿಟ್ಟು ಮುದ್ದೆಯಾಗುವವರೆಗೆ ಮಗುಚಬೇಕು. ಹಲಸಿನ ಹಲ್ವ ಕಾಸಿದವರಿಗೆ ಈ ಹದವನ್ನು ಹೇಳಿಕೊಡಬೇಕಾಗಿಲ್ಲ. 300 ಗ್ರಾಂ ತಿರುಳು ಸುಮಾರು 75 ಗ್ರಾಮಿಗೆ ಇಳಿಯುತ್ತದೆ. ಇಲ್ಲಿ ಅವಸರ ಸಲ್ಲದು. ಹಣ್ಣಿನಲ್ಲಿ ನೀರುಳಿದರೆ ಹೂರಣ ಒಸರಿ ಟ್ರಫಲ್ ಬೇಗ ಹಳಸುತ್ತದೆ. ಆರಿದ ಮೇಲೆ 25 ಪುಟ್ಟ ಗುಳಿಗೆಗಳನ್ನು ಮಾಡಿ ಫ್ರಿಜ್ಜಿನಲ್ಲಿಡಬೇಕು.

ತೆಂಗಿನ ಹಾಲನ್ನು ಅಂಚಿನಲ್ಲಿ ಗುಳ್ಳೆ ಬರುವಷ್ಟು ಮಾತ್ರ ಬಿಸಿ ಮಾಡಿ, ಸಣ್ಣಗೆ ಕತ್ತರಿಸಿದ ಚಾಕೊಲೇಟಿನ ಮೇಲೆ ಸುರಿದು, ಎರಡು ಮೂರು ನಿಮಿಷ ಬಿಟ್ಟು, ನಡುವಿನಿಂದ ಅಂಚಿನತ್ತ ಮೆಲ್ಲಗೆ ಕಲಕಬೇಕು. ಕುದಿಸಿದರೆ ಹಾಲು ಒಡೆಯುತ್ತದೆ. ಎರಡು ಗಂಟೆ ತಂಪಾದ ಮೇಲೆ 25 ಪಾಲು ಮಾಡಿ, ಒಳಗೆ ಒಂದೊಂದು ಗುಳಿಗೆಯಿಟ್ಟು ಉಂಡೆ ಕಟ್ಟಿ, ಸಕ್ಕರೆ ಬೆರೆಸದ ಕೊಕ್ಕೊ ಪುಡಿಯಲ್ಲಿ ಹೊರಳಿಸಿದರೆ ಆಯಿತು. ಕೊಕ್ಕೊ ಬೆಣ್ಣೆ ಕರಗುವುದು ನಮ್ಮ ಮೈಬಿಸಿಗಿಂತ ತುಸು ಕೆಳಗೆ, ಸುಮಾರು 34 ಡಿಗ್ರಿಯಲ್ಲಿ. ಆದ್ದರಿಂದಲೇ ಅದು ಬಾಯಲ್ಲಿ ಕರಗುತ್ತದೆ. ಆದ್ದರಿಂದಲೇ ಹೂಡೆಯ ಏಪ್ರಿಲ್ ಮಧ್ಯಾಹ್ನ ಜಗಲಿಯಲ್ಲಿಟ್ಟರೂ ಕರಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಬೇಕು.

ಈಗ ಲೆಕ್ಕ. ಇಂತಹ ಚಾಕೊಲೇಟಿನ 200 ಗ್ರಾಮಿನಲ್ಲಿ ಸಕ್ಕರೆ ಸುಮಾರು 60 ಗ್ರಾಂ. ಅನಾನಸಿನದು ಸುಮಾರು 30 ಗ್ರಾಂ. ಒಟ್ಟು 90 ಗ್ರಾಮನ್ನು 25ರಿಂದ ಭಾಗಿಸಿದರೆ ಒಂದು ಉಂಡೆಗೆ ಮೂರೂವರೆ ಗ್ರಾಮಿನಷ್ಟು ಸಕ್ಕರೆ. ಎಲ್ಲ ಬಗೆಯ ಶರ್ಕರಪಿಷ್ಟ ಸೇರಿದರೆ ಸುಮಾರು 5 ಗ್ರಾಂ. ಉಂಡೆಯ ತೂಕ 15 ಗ್ರಾಂ. ಅದೇ ತೂಕದ, ‘ಸಕ್ಕರೆ ಹಾಕದ’ ಖರ್ಜೂರದ ಉಂಡೆಯಲ್ಲಿ 10 ಗ್ರಾಂ ಖರ್ಜೂರವಿದ್ದರೆ ಅದೊಂದರಿಂದಲೇ 6 ಗ್ರಾಮಿಗೂ ಮಿಕ್ಕಿ ಸಕ್ಕರೆ ಬರುತ್ತದೆ. ಸಕ್ಕರೆ ಇದೆ ಎಂದು ಒಪ್ಪಿಕೊಂಡ ಉಂಡೆಯಲ್ಲಿ ಮೂರೂವರೆ, ಇಲ್ಲವೆಂದ ಉಂಡೆಯಲ್ಲಿ ಆರು! ಚಾಕೊಲೇಟಿನ ಕಂಪನಿ ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಪೊಟ್ಟಣದ ಹಿಂಬದಿ ನೋಡಿ ನೀವೇ ಭಾಗಿಸಿಕೊಳ್ಳಿ. ಐದನೆಯ ತರಗತಿಯ ಭಾಗಾಕಾರ ಸಾಕು.

ಅನಾನಸಿನ ಬದಲು ನೇರಳೆ, ನೆಲ್ಲಿ, ಪುನರ್ಪುಳಿಗಳನ್ನೂ ಬಳಸಬಹುದು. ಹುಳಿ ಇರುವ ಹೂರಣದ ಗುಣವೆಂದರೆ, ಅದು ಕಪ್ಪು ಚಾಕೊಲೇಟಿನ ಕಹಿಯೊಂದಿಗೆ ಸೇರಿ ಸ್ವಲ್ಪ ಸಿಹಿಯಲ್ಲೇ ನಾಲಗೆಯನ್ನು ತೃಪ್ತಿಪಡಿಸುತ್ತದೆ. ಕೃತಕ ಸಿಹಿಕಾರಕಗಳ ಕುರಿತು ಕೇಳುವವರಿಗೆ ಎರಡು ಮಾತು. ‘ಶುಗರ್ ಫ್ರೀ’ ಚಾಕೊಲೇಟುಗಳಲ್ಲಿ ಹೆಚ್ಚಾಗಿ ಕಾಣುವ ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಕಡಿಮೆಯೇ ಆದರೂ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆಯನ್ನೂ ಕೆಡಿಸುತ್ತದೆ. ತೂಕ ಇಳಿಸಲೆಂದು ಸಿಹಿಕಾರಕಗಳನ್ನು ನೆಚ್ಚಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಆದರೆ ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲವೆಂದೂ ಅದೇ ಹೇಳಿದೆ. ಅಂಥವರು ತಮ್ಮ ವೈದ್ಯರನ್ನು ಕೇಳುವುದು ಲೇಸು.

ಪಥ್ಯವೆಂದರೆ ಮಧುಮೇಹವೊಂದೇ ಅಲ್ಲ. ಮೇಲಿನ ಟ್ರಫಲ್‌ನಲ್ಲಿ ನಾನು ಹಾಲು ಹಾಕಿಲ್ಲವಾದರೂ, ಹಾಲಿನ ಅಲರ್ಜಿ ಇರುವವರಿಗೆ ಅದು ನಿರಪಾಯವೆಂದು ಹಾಗೆಯೇ ಹೇಳಲಾರೆ. ಹಾಲಿನ ಚಾಕೊಲೇಟ್ ತಯಾರಿಸುವ ಯಂತ್ರದಲ್ಲೇ ಕಪ್ಪು ಚಾಕೊಲೇಟೂ ತಯಾರಾಗಿರಬಹುದು. ಪೊಟ್ಟಣದ ಮೇಲೆ ಅದನ್ನು ಬರೆದಿರಬಹುದು, ಬರೆಯದೆಯೂ ಇರಬಹುದು. ಪೇಟೆಯ ತೆಂಗಿನ ಹಾಲಿನ ಪುಡಿಗಳಲ್ಲಿ ಹಲವಕ್ಕೆ ಸೋಡಿಯಂ ಕೇಸಿನೇಟ್ ಎಂಬ ಹಾಲಿನದೇ ಪ್ರೋಟೀನು ಸೇರಿರುತ್ತದೆ. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಬಿಸ್ಕತ್ತಿನ ಪುಡಿಯೂ ಬಾರ್ಲಿಯ ಮಾಲ್ಟೂ ವರ್ಜ್ಯ. ಗೋಡಂಬಿ, ನೆಲಗಡಲೆ ಆಗದ ಮಗುವಿಗೆ ಅವನ್ನು ಅರೆದ ಮಿಕ್ಸಿಯ ಜಾರೇ ಅಪಾಯ. ಮೂತ್ರಪಿಂಡದ ಕಾಯಿಲೆಗೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗಂತೂ ನಾವು ಆರೋಗ್ಯಕರವೆಂದು ಹೊಗಳುವ ಖರ್ಜೂರ, ಒಣದ್ರಾಕ್ಷಿ, ಬಾಳೆಹಣ್ಣು, ತೆಂಗು, ಕೊಕ್ಕೊ ಎಲ್ಲದರ ಪೊಟ್ಯಾಸಿಯಂ ಹೊರೆಯೇ. ಅವರಿಗೆ ನನ್ನ ಈ ಟ್ರಫಲ್ ಸಲ್ಲದು. ಹೀಗೆ ಒಬ್ಬರ ಪಥ್ಯ ಇನ್ನೊಬ್ಬರಿಗೆ ಅಪಥ್ಯವಾಗಿರುವಾಗ ‘ಎಲ್ಲ ಪಥ್ಯದವರಿಗೂ ಆಗುತ್ತದೆ’ ಎಂಬ ಮಾತಿಗೆ ಅರ್ಥವೇ ಇಲ್ಲ.

“ಒಂದು ಉಂಡೆಗೆ ಇಷ್ಟೆಲ್ಲ ರಾಮಾಯಣ ಬೇಕೇ? ಕಾಯಿಲೆಯವರು ಸಿಹಿ ತಿನ್ನದೆ ಸುಮ್ಮನಿರಲಿ” ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮದುವೆ ಮನೆಯಲ್ಲಿ, ಹಬ್ಬದ ಮನೆಯಲ್ಲಿ ಎಲ್ಲರ ಮುಂದೆ ಸಿಹಿಯ ತಟ್ಟೆ ಹಾದುಹೋಗುವಾಗ ಒಬ್ಬರಿಗೆ ಮಾತ್ರ ಬೇರೆ ತಟ್ಟೆಯಲ್ಲಿ ಎರಡು ಮೇರಿ ಬಿಸ್ಕತ್ತು ತಂದಿಡುವುದನ್ನು ನೀವೂ ನೋಡಿದ್ದೀರಿ. ತೆಗೆದುಕೊಂಡವರು ನಗುತ್ತಾರೆ, ಆ ನಗುವಿನ ಹಿಂದಿನ ಮುಜುಗರ ನಮಗೆ ಕಾಣಬೇಕು. ತಮಾಷೆಯೆಂದರೆ, ಮೈದಾ ಮತ್ತು ಸಕ್ಕರೆಯಿಂದಲೇ ಆದ ಆ ಎರಡು ಬಿಸ್ಕತ್ತುಗಳ ಶರ್ಕರಪಿಷ್ಟ ಮೇಲಿನ ಒಂದು ಟ್ರಫಲ್‌ಗಿಂತ ಹೆಚ್ಚು! ಇದು ಪಥ್ಯವೂ ಅಲ್ಲ, ಉಪಚಾರವೂ ಅಲ್ಲ. ಅರಿಯದೆ ಮಾಡಿದ ಪಂಕ್ತಿಭೇದ. ಎಲ್ಲರೂ ತಿನ್ನುವ ಸಿಹಿಯನ್ನೇ ಚಿಕ್ಕದಾಗಿ, ಲೆಕ್ಕವಿಟ್ಟು ಮಾಡಿದರೆ ಪ್ರತ್ಯೇಕ ತಟ್ಟೆಯ ಅಗತ್ಯವೇ ಬಹುಪಾಲು ತಪ್ಪುತ್ತದೆ. ಒಂದು ಬೇಕೋ ಬೇಡವೋ ಎಂಬುದನ್ನು ತಿನ್ನುವವರು ತಾವೇ ನಿರ್ಧರಿಸಬಲ್ಲರು. ಅವರಿಂದ ಆ ನಿರ್ಧಾರವನ್ನು ಕಿತ್ತುಕೊಳ್ಳುವುದು ‘ನಿಮಗೆ ಬೇಡ’ ಎಂಬ ಕಟ್ಟುಪಾಡು ಹೇಗೋ, ‘ಏನೂ ಆಗುವುದಿಲ್ಲ, ತಿನ್ನಿ’ ಎಂಬ ಒತ್ತಾಯವೂ ಹಾಗೆಯೇ.

ಆದ್ದರಿಂದ ನನ್ನ ಸೂಚನೆ ಬಹಳ ಸಣ್ಣದು. ಮಾಡುವ ಮೊದಲು ಯಾರ ಮನೆಗೆ ಕಳುಹಿಸುತ್ತೀರೋ ಅವರಿಗೆ ಏನು ಆಗುವುದಿಲ್ಲವೆಂದು ಕೇಳಿ. ಮಾಡಿದ ಮೇಲೆ ಡಬ್ಬಿಯೊಂದಿಗೆ ಒಂದು ಚೀಟಿಯಿಡಿ: ಯಾವ ಯಾವ ಪದಾರ್ಥ, ಒಂದಕ್ಕೆ ಎಷ್ಟು ಶರ್ಕರಪಿಷ್ಟ, ಮಿಕ್ಸಿಯಲ್ಲಿ ಮೊದಲು ಏನು ಅರೆದದ್ದು, ಮಾಡಿದ ದಿನಾಂಕ. ನಾಲ್ಕು ಸಾಲು ಸಾಕು. ಮಾರಾಟಕ್ಕೆಂದು ಮಾಡುವ ನನ್ನ ಶಿಷ್ಯೆಯರು ಆಹಾರ ಸುರಕ್ಷತಾ ಇಲಾಖೆಯ ನೋಂದಣಿಯನ್ನೂ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಮಾಡುವವರಿಗೂ ಅದು ಕಡ್ಡಾಯ.

ಉತ್ತರಪತ್ರಿಕೆಯಲ್ಲಿ ಉತ್ತರವನ್ನಷ್ಟೇ ಬರೆದು ಹಂತಗಳನ್ನು ಬಿಟ್ಟವರಿಗೆ ನಾನು ಅರ್ಧ ಅಂಕವನ್ನೇ ಕೊಡುತ್ತಿದ್ದೆನೆಂಬುದು ನಿಮಗೆಲ್ಲ ನೆನಪಿದ್ದೀತು. ಟ್ರಫಲ್ ಡಬ್ಬಿಗೂ ಅದೇ ನಿಯಮ. ಮುಂದಿನ ಹಬ್ಬಕ್ಕೆ ಚೀಟಿ ಸಹಿತವಾಗಿ ಬಂದ ಡಬ್ಬಿಗೆ ಪೂರ್ಣಾಂಕ ಖಂಡಿತ.