ಹಗ್ಗ ಕಡಿದ ಮೇಲೆ

ಧಾರಾವಿಯ ನಮ್ಮ ಗಲ್ಲಿಯಲ್ಲಿ ಸಂಕ್ರಾಂತಿ ಬಂತೆಂದರೆ ಪತಂಗ ಹಾರಿಸುವವನಿಗಿಂತ ಫಿರ್ಕಿ ಹಿಡಿಯುವವನ ಪಾಡು ಕಷ್ಟದ್ದು. ನಾನು ಬಾಲ್ಯವಿಡೀ ಫಿರ್ಕಿ ಹಿಡಿದವನೇ. ತಗಡಿನ ಮಾಡಿನ ಮೇಲೆ ನಿಂತ ಅಣ್ಣ 'ಢೀಲ್' ಅಂದರೆ ದಾರ ಬಿಡಬೇಕು, ಎಳೆದರೆ ಸುತ್ತಿಕೊಳ್ಳಬೇಕು. ಪತಂಗ ಕಡಿದು ಹೋದರೆ ಬೈಗುಳ ನನಗೆ.

ಅದೇ ಮಾಡಿನಿಂದ ಮಾಹಿಂ ಖಾಡಿಯ ಕಡೆ ಹದ್ದುಗಳು ಕಾಣುತ್ತಿದ್ದವು. ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಹಾಕುತ್ತ ಚುಕ್ಕೆಯಾಗುವಷ್ಟು ಮೇಲೇರುತ್ತಿದ್ದವು. ಅದು ಹೇಗೆ ಎಂದು ತಿಳಿದದ್ದು ಮೂವತ್ತು ದಾಟಿದ ಮೇಲೆ, ಪುಣೆಯ ಹಡಪ್ಸರದಲ್ಲಿ. ಬಿಸಿಲಿಗೆ ಕಾದ ನೆಲ, ತಗಡು, ಕಲ್ಲುಬಂಡೆ ತಮ್ಮ ಮೇಲಿನ ಗಾಳಿಯನ್ನು ಕಾಯಿಸುತ್ತವೆ. ಆ ಗಾಳಿ ಹಗುರಾಗಿ ಕಂಬದ ಹಾಗೆ ಮೇಲೇಳುತ್ತದೆ. ಹದ್ದು ಆ ಕಂಬದೊಳಗೇ ಸುತ್ತುತ್ತದೆ. ನಮ್ಮ ಮನೆಯ ಮಾಡಿನ ಸೆಕೆಯೂ ಯಾರಿಗೋ ಉಪಯೋಗಕ್ಕೆ ಬರುತ್ತಿತ್ತು ಎಂದು ತಿಳಿದಾಗ ನನಗೆ ನಗು ಬಂತು.

ಹಡಪ್ಸರದಲ್ಲಿ ಡಿಜಿಸಿಎಯ ಗ್ಲೈಡಿಂಗ್ ಕೇಂದ್ರವಿದೆ. ಕೆಲವು ವರ್ಷಗಳ ಹಿಂದೆ, ರಜೆ ಇದ್ದಾಗಲೆಲ್ಲ ದಾದರ್‌ನಲ್ಲಿ ಬೆಳಗಿನ ಇಂದ್ರಾಯಣಿ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. "ಎಂಜಿನ್ ಇಲ್ಲದ ಇಮಾನ? ಎತ್ತಿಲ್ಲದ ಬಂಡಿ ಹತ್ತಲಾಕ ಪುಣೇ ತನಾ ಹೋಗ್ತಿಯೇನು?" ಎಂದು ಅಪ್ಪ ಕೇಳುತ್ತಿದ್ದರು.

ಎತ್ತಿನ ಬದಲು ಅಲ್ಲಿ ವಿಂಚ್ ಇದೆ. ಮೈದಾನದ ಆ ತುದಿಯಲ್ಲಿ ಅದು, ಈ ತುದಿಯಲ್ಲಿ ಗ್ಲೈಡರ್, ನಡುವೆ ಹಗ್ಗ. ವಿಂಚ್ ಹಗ್ಗವನ್ನು ರಭಸದಿಂದ ಸುತ್ತಿಕೊಂಡಾಗ ಗ್ಲೈಡರ್ ಥೇಟ್ ಪತಂಗದಂತೆ ಮೂಗೆತ್ತಿ ಏರುತ್ತದೆ. ಹೀಗೆ ಏರಿ ಸಾಮಾನ್ಯವಾಗಿ 300-400 ಮೀಟರ್ ಮುಟ್ಟಬಹುದು. ಅಲ್ಲಿ ಹಗ್ಗ ಬಿಡಿಸಿಕೊಂಡ ಮೇಲೆ ಗ್ಲೈಡರ್ ಇಳಿಯುತ್ತಲೇ ಇರುತ್ತದೆ, ಹಾರಾಟವೆಂದರೆ ನಿಧಾನವಾಗಿ ಬೀಳುವುದು. ಬಿಸಿಗಾಳಿಯ ಕಂಬ ಸಿಕ್ಕರೆ, ನಾವು ಬೀಳುವುದಕ್ಕಿಂತ ಬೇಗ ಅದು ನಮ್ಮನ್ನು ಎತ್ತುತ್ತದೆ. ಸಿಗದಿದ್ದರೆ ಐದಾರು ನಿಮಿಷಕ್ಕೆಲ್ಲ ನೆಲ. ಇಳಿಯುವಾಗ ಅಂದಾಜು ತಪ್ಪಿತೆಂದು ಮತ್ತೆ ಮೇಲೆದ್ದು ಸುತ್ತು ಹಾಕಿ ಬರುವ ಮಾತಿಲ್ಲ. ಕೋಡ್ ಕೆಟ್ಟರೆ ಹಿಂದಿನ ವರ್ಶನ್‌ಗೆ ಮರಳುವ ನನ್ನಂಥ ಕಸುಬಿನವನಿಗೆ ಇದು ಬೇಗ ಒಗ್ಗಲಿಲ್ಲ.

ಐದು ನಿಮಿಷದ ಹಾರಾಟಕ್ಕೆ ನೆಲದ ಮೇಲೆ ಅರ್ಧ ದಿನದ ಕೆಲಸ. ಇಳಿದ ಗ್ಲೈಡರನ್ನು ನೂಕಿ ತರಬೇಕು, ಹಗ್ಗ ಸಿಕ್ಕಿಸಬೇಕು, ಒಬ್ಬರು ರೆಕ್ಕೆಯ ತುದಿ ಹಿಡಿದು ಜೊತೆಗೆ ಓಡಬೇಕು. ಹಡಪ್ಸರದ್ದು ಸರಕಾರಿ ಕೇಂದ್ರ. ಜರ್ಮನಿ, ಇಂಗ್ಲೆಂಡಿನಲ್ಲಿ ಸದಸ್ಯರೇ ನಡೆಸುವ ಕ್ಲಬ್‌ಗಳಿವೆ. ಅಲ್ಲಿ ಕಲಿಸುವವರೂ ಹೆಚ್ಚಾಗಿ ಸಂಬಳವಿಲ್ಲದವರೇ. 14 ತುಂಬಿದ ಮಕ್ಕಳು ಅಲ್ಲಿ ಒಬ್ಬರೇ ಹಾರಬಹುದು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ ವಿಮಾನದ ಮೇಲೆ ನಿರ್ಬಂಧ ಬಿದ್ದಾಗ, ಹುಡುಗರು 1920ರಲ್ಲಿ ವಾಸರ್‌ಕುಪ್ಪೆ ಎಂಬ ಗುಡ್ಡದ ಮೇಲೆ ಗ್ಲೈಡರ್ ಸ್ಪರ್ಧೆ ಶುರುಮಾಡಿದರು. ಅಂಥ ಕಡೆ ಇದ್ದಿದ್ದರೆ ನಾನು ರೆಕ್ಕೆ ಹಿಡಿಯುವುದರಲ್ಲೇ ಹೆಸರು ಮಾಡುತ್ತಿದ್ದೆನೇನೋ. ಫಿರ್ಕಿಯ ಅನುಭವ!

ಪತಂಗಕ್ಕೂ ಗ್ಲೈಡರಿಗೂ ಹೋಲಿಕೆ ಮುಗಿಯುವುದು ಹಗ್ಗ ಕಡಿದಾಗ. ಮೂಗೆತ್ತಿ ಏರುವಾಗ ಹಗ್ಗ ತುಂಡಾದರೆ ಕೆಲವೇ ಸೆಕೆಂಡಿನಲ್ಲಿ ವೇಗ ಕುಸಿಯುತ್ತದೆ, ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ. ತಡಮಾಡದೆ ಸ್ಟಿಕ್ಕನ್ನು ಮುಂದಕ್ಕೆ ನೂಕಿ ಮೂಗನ್ನು ನೆಲದ ಕಡೆ ಇಳಿಸಬೇಕು. ವೇಗ ಮರಳಿದ ಮೇಲಷ್ಟೇ ಎಲ್ಲಿ ಇಳಿಯುವುದು ಎಂಬ ಯೋಚನೆ. ನೆಲ ಅಷ್ಟು ಹತ್ತಿರವಿರುವಾಗ ನೆಲದ ಕಡೆಗೇ ನೂಕುವುದೆಂದರೆ ಕೈ ಒಪ್ಪುವುದಿಲ್ಲ. ಅದಕ್ಕೇ ಹಿಂದೆ ಕುಳಿತ ಗುರುಗಳು ಒಂದು ದಿನ ಹೇಳದೆ ಕೇಳದೆ ಹಳದಿ ಗುಂಡಿ ಎಳೆದು ಹಗ್ಗ ಬಿಡಿಸಿಬಿಡುತ್ತಾರೆ.

ನನಗೆ ಹಾಗೆ ಮಾಡಿದ ದಿನ ಧಡ್ ಎಂದು ಸದ್ದಾಯಿತು, ಆಮೇಲೆ ನಿಶ್ಶಬ್ದ. ನಾನು ಸ್ಟಿಕ್ಕನ್ನು ಎದೆಗೆ ಎಳೆದುಕೊಂಡೆ. ಹಿಂದಿನಿಂದ ಗುರುಗಳೇ ಅದನ್ನು ಮುಂದಕ್ಕೆ ನೂಕಿದರು. ಇಳಿದ ಮೇಲೆ ಅವರು ಬೈಯಲಿಲ್ಲ, ಅದೇ ಕೆಟ್ಟದಾಗಿತ್ತು. ಆಮೇಲೆ ಎರಡು ವಾರ 'ರಿಲೀಸ್ ಇದೆ' ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಮೂರನೇ ವಾರ ಅಪ್ಪನಿಗೆ ನಿಜ ಹೇಳಿದೆ. ಅಪ್ಪ ಸೇಡಂ ಕಡೆಯಿಂದ ಬಂದು ಮುಂಬೈಯ ಕಟ್ಟಡಗಳಿಗೆ ಗಾರೆ ಹಾಕಿದ ಗೌಂಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸಾರವೆ ಅಳ್ಳಾಡಿದ್ರ ಮೊದಲ ಕೂತಬಿಡಬೇಕು. ಮ್ಯಾಲಿನ ಬೊಂಬು ಹಿಡಿಲಾಕ ಹೋದವರೇ ಬೀಳೋದು." ಹಾಗೆ ಬಿದ್ದವರನ್ನು ಅವರು ಕಂಡಿದ್ದರು. ಯಾರೆಂದು ನಾನು ಕೇಳಲಿಲ್ಲ.

ಮರುದಿನ ಹೋದೆ. ಗುರುಗಳು ಅವತ್ತು ಗುಂಡಿ ಎಳೆಯಲಿಲ್ಲ, ಅದರ ಮರುವಾರ ಎಳೆದರು. ಕೈ ತಾನಾಗಿ ಮುಂದಕ್ಕೆ ಹೋಯಿತು. ಮುಂದೆ ಆಕಾಶವಿದ್ದ ಕಡೆ ಪೂರಾ ಹುಲ್ಲು ತುಂಬಿಕೊಂಡಿತು, ವೇಗದ ಮುಳ್ಳು ಏರಿತು. ನೇರಕ್ಕೆ ಇಳಿಸಿದೆ. ಕಾಲು ನಡುಗುತ್ತಿದ್ದುದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಆ ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ನಮ್ಮ ದೇಶದ ಗ್ಲೈಡರುಗಳ ಸುದ್ದಿ ಹೇಳಿದೆ. ನಾಗರಿಕ ವಿಮಾನಯಾನ ಇಲಾಖೆಯ ಎಂಜಿನಿಯರುಗಳು ಇಲ್ಲೇ ವಿನ್ಯಾಸ ಮಾಡಿದವು, 1961ರಲ್ಲಿ ಮೊದಲು ಹಾರಿದ ಇಬ್ಬರು ಕೂರುವ ಮರದ ಗ್ಲೈಡರಿನ ಹೆಸರು ರೋಹಿಣಿ ಎಂದೆ. ಅಪ್ಪ ತುತ್ತು ನಿಲ್ಲಿಸಿ, "ರೋಹಿಣಿ? ಮಳೀ ಹೆಸರು?" ಎಂದರು. ಉಳಿದವನ್ನೂ ಹೇಳಿದೆ: ಅಶ್ವಿನಿ, ಭರಣಿ, ಕಾರ್ತಿಕ್, ಮೃಗಶಿರ, ಆರ್ದ್ರಾ. ಭರಣಿ ಮಳೆ ಧರಣಿ ಬೆಳೆ ಎಂದು ಲೆಕ್ಕ ಹಾಕುತ್ತ ಬೆಳೆದ ಅಪ್ಪ ಬೆರಳು ಮಡಚಿ ಎಣಿಸಿದರು.

"ಆರಿದ್ರಾ ಆದ ಮ್ಯಾಲ ಪುನರ್ವಸು ಬರಬೇಕಲ್ಲ. ಅದ್ಯಾಕ ಮಾಡಲಿಲ್ಲ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಮೃಗಶಿರ ಮುಗಿದು ಮುಂಬೈ ಮಳೆ ಜೋರಾದಾಗಲೆಲ್ಲ ಅಪ್ಪ ಅದನ್ನೇ ಕೇಳುತ್ತಾರೆ.