ಮನೆಯಲ್ಲೇ ಓದುವ ಮಕ್ಕಳು: ಸಂಘ ಕಟ್ಟಿದರೆ ಮೊದಲ ಕೆಲಸ ಯಾವುದು?

“ಯಾವ ಸ್ಕೂಲು ಪುಟ್ಟಾ?” ಗಾಂಧಿ ಬಜಾರಿನಲ್ಲಿ ಅಮ್ಮನ ಜೊತೆ ಹೂವಿಗೆ ನಿಂತ ಹುಡುಗನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. “ಮನೇಲೇ ಓದ್ತೀನಿ” ಅಂದನೋ, ಮುಗೀತು. ಅಂಗಡಿಯವರಿಂದ ಹಿಡಿದು ಬಸ್ ಸ್ಟಾಪಿನ ಅಜ್ಜನವರೆಗೆ ಎಲ್ಲರೂ ಅಮ್ಮನಿಗೇ ಬುದ್ಧಿ ಹೇಳುವವರು.

ಇಂಥ ಮನೆಗಳವರು ಬಸವನಗುಡಿ, ಮಲ್ಲೇಶ್ವರದಲ್ಲಿ ಒಂದು ಸಂಘ ಮಾಡಿಕೊಳ್ಳುವುದು ದೊಡ್ಡ ಮಾತಲ್ಲ. ಆಟಕ್ಕೆ ಲಾಲ್‌ಬಾಗ್ ಇದೆ, ಪುಸ್ತಕಕ್ಕೆ 1945ರಲ್ಲಿ ಶುರುವಾದ ವರ್ಲ್ಡ್ ಕಲ್ಚರ್ ಸಂಸ್ಥೆಯ ಲೈಬ್ರರಿ ಇದೆ. ಪೇಚಾಟವೆಲ್ಲ ಕಾಗದಪತ್ರದ್ದು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಮಿನ ಪ್ರಕಾರ, 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ. ಸೇರಿಸದಿದ್ದರೆ ದಂಡವೆಷ್ಟು? ಕಾಯ್ದೆಯಲ್ಲಿ ಆ ಮಾತೇ ಇಲ್ಲ. ಮನೆಯಲ್ಲೇ ಓದಿಸಬಹುದೇ? ಅದೂ ಇಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಕೇಂದ್ರ ಸರ್ಕಾರ ಓದಿಸಬಹುದು ಎಂದು ಹೇಳಿ, ಆಮೇಲೆ ಆ ಮಾತನ್ನು ವಾಪಸು ತೆಗೆದುಕೊಂಡಿತು. ಸರ್ಕಾರವೇ ಹೀಗೆ ಹಿಂದೆಮುಂದೆ ನೋಡಿದರೆ ಅಪ್ಪ ಅಮ್ಮ ಯಾರನ್ನು ಕೇಳಬೇಕು?

ಸದ್ಯಕ್ಕೆ ಗಟ್ಟಿ ದಾರಿ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್. 14 ತುಂಬಿದವರು ನೇರವಾಗಿ ಹತ್ತನೇ ತರಗತಿಗೆ ಹೆಸರು ಬರೆಸಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಪಾಸು ಮಾಡಲು ಐದು ವರ್ಷ ಗಡುವು. ಹಾಡು, ಆಟ, ಪಿಕ್ನಿಕ್ಕು ಆಮೇಲಾಗಲಿ. ಮಕ್ಕಳಿಗೆ ಈ ಪರೀಕ್ಷೆ ಕಟ್ಟಿಸಿದ ಹಳಬರು ಹೊಸಬರ ಪಕ್ಕ ಕೂತು ಫಾರಂ ತುಂಬಿಸಲಿ, ಯಾವ ವಿಷಯ ತಗೋಬೇಕು ಅಂತ ಹೇಳಲಿ. ಅಡ್ಮಿಷನ್ ತಾರೀಖು ತಪ್ಪಿತೋ, ಹುಡುಗನ ಆರು ತಿಂಗಳು ಹೋಯಿತು.