ಫೈಟರ್ ಜೆಟ್ ಸುತ್ತ ಬಿಳಿ ಮೋಡ: ಅದು ಶಬ್ದದ ವೇಗ ದಾಟಿದ ಕ್ಷಣವೇ?

ಎಲ್ಲಾದರೂ ಏರ್ ಶೋ ನಡೆಯಿತೆಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಫೋಟೋ ತಿರುಗಲು ಶುರುವಾಗುತ್ತದೆ. ಫೈಟರ್ ಜೆಟ್ಟಿನ ನಡುವಿಗೆ ಹತ್ತಿಯ ಛತ್ರಿ ಬಿಚ್ಚಿ ಸಿಕ್ಕಿಸಿದಂತೆ ದಟ್ಟ ಬಿಳಿ ಮೋಡ. ಕೆಳಗೆ 'ವಿಮಾನ ಶಬ್ದದ ಗೋಡೆ ಒಡೆದ ಕ್ಷಣ' ಎಂಬ ಸಾಲು. ಇಂಥ ಫೋಟೋಗಳಲ್ಲಿ ಬಹಳಷ್ಟು ಅಸಲಿಯೇ. ತಪ್ಪಿರುವುದು ಕೆಳಗಿನ ಸಾಲಿನಲ್ಲಿ.

ಆ ಮೋಡಕ್ಕೆ ವೇಪರ್ ಕೋನ್ ಎನ್ನುತ್ತಾರೆ. ಅದು ಹೊಗೆಯಲ್ಲ, ಇಂಧನವೂ ಅಲ್ಲ, ಬರಿ ನೀರಿನ ಹನಿ. ವಿಮಾನ ವೇಗವಾಗಿ ಸಾಗುವಾಗ ಅದರ ಮೈ ಮತ್ತು ರೆಕ್ಕೆಗಳ ಮೇಲೆ ಕೆಲವು ಕಡೆ ಗಾಳಿಯ ಒತ್ತಡ ಒಮ್ಮೆಲೇ ಇಳಿಯುತ್ತದೆ. ಒತ್ತಡ ಇಳಿದು ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಆ ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಆವಿ ತಕ್ಷಣ ಸಣ್ಣ ಹನಿಗಳಾಗಿ ಬಿಳಿಯಾಗಿ ಕಾಣುತ್ತದೆ. ತಣ್ಣಗಿನ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಕುತ್ತಿಗೆಯ ಬಳಿ ಒಂದು ಕ್ಷಣ ಮಂಜು ಸುಳಿಯುತ್ತದಲ್ಲ, ಅದೇ ಭೌತವಿಜ್ಞಾನ. ವಿಮಾನ ಮುಂದೆ ಹೋದ ಕೂಡಲೇ ಒತ್ತಡ ಮೊದಲಿನಂತಾಗಿ ಹನಿಗಳು ಮತ್ತೆ ಆವಿಯಾಗುತ್ತವೆ. ಹಾಗಾಗಿಯೇ ಈ ಮೋಡ ಬಾಲದಂತೆ ಹಿಂದೆ ಉಳಿಯದೆ ವಿಮಾನದ ಜೊತೆಗೇ ಓಡುವಂತೆ ಕಾಣುತ್ತದೆ.

ಇದಕ್ಕೆ ಶಬ್ದದ ವೇಗ ದಾಟಲೇಬೇಕೆಂದಿಲ್ಲ. ಶಬ್ದದ ವೇಗಕ್ಕೆ ಹತ್ತಿರ ಬಂದಾಗ ಮೋಡ ಶಂಕುವಿನ ಆಕಾರಕ್ಕೆ ಬರುವುದು ನಿಜ, ಆದರೆ ಅದರ ಕೆಳಗೂ ಅದು ಮೂಡುತ್ತದೆ. ತೀರಾ ಕಡಿಮೆ ವೇಗದಲ್ಲಿಯೂ ಜೆಟ್ ಬಿಗಿಯಾಗಿ ತಿರುಗಿದರೆ ರೆಕ್ಕೆಯ ಮೇಲೆ ಬಿಳಿ ಪರದೆ ಏಳುತ್ತದೆ. ಇನ್ನೊಂದು ಕಡೆ, ಒಣ ಹವೆಯಲ್ಲಿ ವಿಮಾನ ಶಬ್ದದ ವೇಗ ದಾಟಿದರೂ ಏನೂ ಕಾಣದೇ ಇರಬಹುದು. ಅಂದರೆ ಈ ಫೋಟೋ ವೇಗದ ಬಗ್ಗೆ ಹೇಳುವುದಕ್ಕಿಂತ ಆ ದಿನದ ಹವೆಯ ಬಗ್ಗೆ ಹೇಳುವುದೇ ಹೆಚ್ಚು. ಪ್ರಸಿದ್ಧ ಫೋಟೋಗಳು ಬಹುತೇಕ ಸಮುದ್ರದ ಮೇಲೆ ತೆಗೆದವು ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. 1999ರ ಜುಲೈ 7ರಂದು ಅಮೆರಿಕದ ನೌಕಾಪಡೆಯ ಜಾನ್ ಗೇ ಅವರು ಪೆಸಿಫಿಕ್ ಸಾಗರದಲ್ಲಿ ವಿಮಾನವಾಹಕ ನೌಕೆಯ ಮೇಲಿಂದ ತೆಗೆದ ಎಫ್/ಎ-18 ಹಾರ್ನೆಟ್ ಚಿತ್ರ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಪಡೆಯಿತು. 'ಶಬ್ದದ ಗೋಡೆ' ಎಂಬ ಸಾಲು ಹೊತ್ತು ಲೋಕವೆಲ್ಲ ಸುತ್ತಿದ್ದು ಮುಖ್ಯವಾಗಿ ಅದೇ.

ನಮ್ಮ ಯಲಹಂಕದ ಏರೋ ಇಂಡಿಯಾ ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಬೆಂಗಳೂರಿನ ಗಾಳಿ ಒಣಗಿರುವ ಕಾಲ. ಮಧ್ಯಾಹ್ನಕ್ಕಿಂತ ಬೆಳಗಿನ ಪ್ರದರ್ಶನದಲ್ಲಿ ರೆಕ್ಕೆಯ ಆವಿ ಸಿಗುವ ಸಾಧ್ಯತೆ ಹೆಚ್ಚು. ಶಬ್ದದ ವೇಗ ದಾಟುವ ದೃಶ್ಯವಂತೂ ಅಲ್ಲಿ ಸಿಗುವುದಿಲ್ಲ. ನೆಲದ ಮಟ್ಟದಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,230 ಕಿ.ಮೀ. ಜನರ ಮುಂದೆ ಅಷ್ಟು ತಗ್ಗಿನಲ್ಲಿ ಅದನ್ನು ದಾಟಿದರೆ ಕಿಟಕಿ ಗಾಜು ಉಳಿಯುವುದು ಕಷ್ಟ.

ಬೆಂಗಳೂರಿಗೆ ಇದರ ರುಚಿ ಸಿಕ್ಕಿದ್ದು 2020ರ ಮೇ 20ರ ಮಧ್ಯಾಹ್ನ. ಲಾಕ್‌ಡೌನ್ ದಿನಗಳು. ಊರಿಗೆ ಊರೇ ಕೇಳುವಂಥ ಸದ್ದು ಬಂತು, ಕಿಟಕಿ ಬಾಗಿಲು ಅದುರಿದವು, ಭೂಕಂಪವೆಂದು ಫಾರ್ವರ್ಡ್‌ಗಳು ಹಾರಿದವು. ಭೂಕಂಪ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಅದು ವಾಯುಪಡೆಯ ಪರೀಕ್ಷಾ ಹಾರಾಟದ ಸಾನಿಕ್ ಬೂಮ್ ಎಂದು ರಕ್ಷಣಾ ಸಚಿವಾಲಯ ಆಮೇಲೆ ತಿಳಿಸಿತು. ವಿಮಾನ ಇದ್ದದ್ದು ನಗರದಿಂದ ಬಹಳ ದೂರ, 36,000ದಿಂದ 40,000 ಅಡಿ ಎತ್ತರದಲ್ಲಿ. ಅಷ್ಟು ದೂರದ್ದೇ ಹಾಗೆ ಕೇಳಿಸಿತು. ಒಂದು ಮಾತು ಇಲ್ಲಿ ಸೇರಿಸಬೇಕು: ಬೂಮ್ ಎಂಬುದು 'ಗೋಡೆ ಒಡೆದಾಗ' ಒಂದೇ ಸಲ ಆಗುವ ಸ್ಫೋಟವಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವಷ್ಟೂ ಹೊತ್ತು ಆಘಾತ ತರಂಗ ವಿಮಾನದ ಹಿಂದೆಯೇ ಸಾಗುತ್ತದೆ. ಅದು ಯಾವ ಊರಿನ ಮೇಲೆ ಹಾದುಹೋಗುತ್ತದೋ ಆ ಊರಿಗೆ ಒಮ್ಮೆ ಕೇಳಿಸುತ್ತದೆ.

'ಜೆಟ್ ಮೊದಲು ಹೋಯಿತು, ಸದ್ದು ಆಮೇಲೆ ಬಂತು, ಹಾಗಾದರೆ ಸೂಪರ್‌ಸಾನಿಕ್' ಎನ್ನುವವರೂ ಇದ್ದಾರೆ. ಜೆಟ್ 1.7 ಕಿ.ಮೀ. ದೂರದಲ್ಲಿದ್ದರೆ ಅದರ ಸದ್ದು ನಿಮ್ಮ ಕಿವಿಗೆ ಬರಲು ಸುಮಾರು 5 ಸೆಕೆಂಡ್ ಬೇಕು. ಗಂಟೆಗೆ 800 ಕಿ.ಮೀ. ವೇಗದ ಜೆಟ್ ಅಷ್ಟರಲ್ಲಿ ಒಂದು ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ಫೋನ್ ಎತ್ತಿದವರಿಗೆ ಖಾಲಿ ಆಕಾಶ ಸಿಗುವುದು ಇದರಿಂದಲೇ. ಫೋಟೋ ಬೇಕಾದರೆ ಸದ್ದಿಗಿಂತ ಮುಂದೆ ನೋಡಬೇಕು.

ಫೋನ್ ಕ್ಯಾಮೆರಾ ತಾನೇ ಸೃಷ್ಟಿಸುವ ವಿಚಿತ್ರಗಳೂ ಫಾರ್ವರ್ಡ್ ಆಗುತ್ತವೆ. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್‌ಗಳ ರೆಕ್ಕೆ ಬಾಳೆಕಾಯಿಯಂತೆ ಬಾಗಿರುವ ಚಿತ್ರ ಬಂದರೆ ಗಾಬರಿ ಬೇಡ, ಹೆಲಿಕಾಪ್ಟರ್ ಚೆನ್ನಾಗಿಯೇ ಇದೆ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ಸೆರೆಹಿಡಿಯದೆ ಸಾಲುಸಾಲಾಗಿ ಓದುತ್ತದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ತಿರುಗಿರುತ್ತದೆ, ನೇರ ರೆಕ್ಕೆ ಬಾಗಿ ಕಾಣುತ್ತದೆ. ರೆಕ್ಕೆ ತಿರುಗದೆಯೇ ತೇಲುವ ಹೆಲಿಕಾಪ್ಟರ್ ವಿಡಿಯೋದ ಗುಟ್ಟು ಬೇರೆ: ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ರೆಕ್ಕೆಯೂ ಸರಿಯಾಗಿ ಮುಂದಿನ ರೆಕ್ಕೆಯ ಜಾಗಕ್ಕೆ ಬಂದರೆ ನಿಂತಂತೆ ತೋರುತ್ತದೆ.

ಗಂಟೆಗೆ 700 ಕಿ.ಮೀ. ವೇಗದ ಜೆಟ್ ಸೆಕೆಂಡಿನ 60ನೇ ಒಂದು ಭಾಗದಲ್ಲಿ ಮೂರು ಮೀಟರಿಗಿಂತ ಹೆಚ್ಚು ಸರಿಯುತ್ತದೆ, 1,000ನೇ ಒಂದು ಭಾಗದಲ್ಲಿ ಸುಮಾರು 19 ಸೆಂ.ಮೀ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಜೆಟ್‌ಗೆ ಶಟರ್ 1/1000ಕ್ಕಿಂತ ವೇಗವಾಗಿ ಇಡಿ, ವಿಮಾನದ ಜೊತೆಗೇ ಫೋನ್ ತಿರುಗಿಸಿ. ಆಕಾಶದ ಬೆಳಕಿಗೆ ವಿಮಾನ ಕಪ್ಪಾಗಿ ಬಂದರೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ವಿಪರೀತ ಜೂಮ್ ಬೇಡ. ಕೆಲವು ಫೋನುಗಳು ಜೂಮ್ ಮಾಡಿದಾಗ ಕಾಣದ ಅಂಚುಗಳನ್ನು ಸಾಫ್ಟ್‌ವೇರ್‌ನಿಂದ ಊಹಿಸಿ ತುಂಬುತ್ತವೆ. ಅಂಥ ಚಿತ್ರ ನೋಡಿ 'ರೆಕ್ಕೆಯ ಕೆಳಗಿರುವುದು ಇಂಥದೇ ಮಿಸೈಲ್' ಎಂದು ವಾದಕ್ಕಿಳಿಯುವುದು ವ್ಯರ್ಥ.

ಇವೆಲ್ಲ ತಮಾಷೆಯ ತಪ್ಪುಗಳು ಎನ್ನಬಹುದು. ಆದರೆ ಇದೇ ಚಿತ್ರಗಳು ಗಡಿಯಲ್ಲಿ ಬಿಸಿ ಏರಿದಾಗ ಬೇರೆ ವೇಷದಲ್ಲಿ ಬರುತ್ತವೆ. ಜೆಟ್‌ಗಳು ಪ್ರದರ್ಶನದಲ್ಲಿ ಉದುರಿಸುವ ಉರಿಯುವ ಫ್ಲೇರ್‌ಗಳನ್ನೇ ನೋಡಿ. ಶಾಖ ಹುಡುಕಿ ಬರುವ ಮಿಸೈಲಿನ ದಾರಿ ತಪ್ಪಿಸಲು ಇರುವ ಸಾಧನ ಅದು. ಶೀರ್ಷಿಕೆ ಬದಲಿಸಿದರೆ ಅದೇ 'ದಾಳಿಯ ದೃಶ್ಯ'. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ ವಿಡಿಯೋ ಗೇಮಿನ ತುಣುಕುಗಳೂ ಯುದ್ಧದ ದೃಶ್ಯಗಳೆಂದು ಹರಿದಾಡಿದವು. ಆರ್ಮಾ 3 ಎಂಬ ಗೇಮ್ ತಯಾರಿಸಿದ ಬೊಹೆಮಿಯಾ ಇಂಟರಾಕ್ಟಿವ್ ಕಂಪನಿಯೇ 2022ರಲ್ಲಿ ಇಂಥ ವಿಡಿಯೋಗಳ ಗುರುತು ಹೇಳಿತ್ತು: ತೀರಾ ಮಸುಕು, ಅಲುಗಾಡುವ ಕ್ಯಾಮೆರಾ, ಹೆಚ್ಚಾಗಿ ರಾತ್ರಿ, ಹಲವು ಸಲ ಸದ್ದೇ ಇಲ್ಲ, ಓಡಾಡುವ ಜನ ಕಾಣುವುದಿಲ್ಲ.

ಇನ್ನೂ ಗಂಭೀರವಾದದ್ದು ನಿಜವಾದ ಚಿತ್ರ. ಏರ್ ಶೋನಲ್ಲಿ ಸಾರ್ವಜನಿಕರಿಗೆ ತೆರೆದ ಜಾಗದಿಂದ ತೆಗೆದ ಫೋಟೋಗೆ ತೊಂದರೆ ಇಲ್ಲ. ಉಳಿದ ದಿನ ವಾಯುನೆಲೆಯ ಬೇಲಿಯಾಚೆ ಇಣುಕಿ ತೆಗೆದ ವಿಡಿಯೋ, ಯಾವ ಜೆಟ್ ಎಷ್ಟು ಹೊತ್ತಿಗೆ ಯಾವ ಕಡೆ ಹೊರಟಿತು ಎಂಬ ಸ್ಟೇಟಸ್, ಇವು ಬೇರೆಯೇ. ಸೇನೆಯ ಚಲನವಲನವನ್ನು ನೇರ ಪ್ರಸಾರ ಮಾಡಬೇಡಿ ಎಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2025ರ ಏಪ್ರಿಲ್ 26ರಂದು ಸೂಚಿಸಿದಾಗ, ಟಿವಿಯವರ ಜೊತೆ ಸಾಮಾಜಿಕ ಜಾಲತಾಣ ಬಳಸುವವರನ್ನೂ ಹೆಸರಿಸಿತ್ತು.

2025ರ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35, ರಷ್ಯಾದ ಎಸ್‌ಯು-57 ಎರಡೂ ಬಂದಿದ್ದವು. ಆ ಫೋಟೋಗಳು ಇನ್ನೂ ಸಾವಿರಾರು ಫೋನುಗಳಲ್ಲಿವೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಅದರೊಳಗಿದ್ದ ದಿನಾಂಕ, ಸ್ಥಳದ ವಿವರ ಅಳಿಸಿಹೋಗುತ್ತದೆ. ಪಡೆದವರಿಗೆ ಅದು ಯಾವಾಗಿನದು ಎಂದು ತಿಳಿಯುವುದು ಕಷ್ಟ. ನಿಮ್ಮದನ್ನು ಕಳಿಸುವಾಗ ಫೋಟೋದ ಮೇಲೆಯೇ 'ಯಲಹಂಕ, ಫೆಬ್ರವರಿ 2025' ಎಂದು ಬರೆದುಬಿಡಿ. ಜೊತೆಗಿನ ಸಾಲು ಫಾರ್ವರ್ಡ್‌ನಲ್ಲಿ ಕಳಚಿಹೋದರೂ ಇದು ಉಳಿಯುತ್ತದೆ.